ಪತ್ತಾಯದಡಿಯ ಕತ್ತಿಗಳು

ಹಳೆಯ ಮನೆಗಳನ್ನು ಬಿಚ್ಚಿ ಮಾರುವುದು ನನ್ನ ಕಸುಬು. ಜನ ಅದನ್ನು ಕೆಡವುವುದು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಕೆಡವಲು ಒಂದು ಸುತ್ತಿಗೆ ಇದ್ದರೆ ಸಾಕು. ಬಿಚ್ಚಬೇಕಾದರೆ, ಕಟ್ಟಿದವನು ಯಾವ ಮರವನ್ನು ಮೊದಲು ನಿಲ್ಲಿಸಿದ, ಯಾವುದನ್ನು ಕೊನೆಗೆ ಬಡಿದ ಅಂತ ಗೊತ್ತಾಗಬೇಕು. ಮಾನಂದವಾಡಿಯಿಂದ ಕುಟ್ಟದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಶೆಡ್ಡಿದೆ. ಬಿಚ್ಚಿ ತಂದ ಬಾಗಿಲು, ಕಿಟಕಿ, ಹಲಸಿನ ತೊಲೆ, ಹಳೆಯ ಹೆಂಚು ಅಲ್ಲಿ ಒಪ್ಪವಾಗಿ ಜೋಡಿಸಿಟ್ಟಿರುತ್ತವೆ. ನನ್ನ ಕೈಯಲ್ಲಿ ಹೆಂಚು ಒಡೆಯುವುದು ಅಪರೂಪ ಅಂತ ಕೊಡಗಿನಿಂದ ಬರುವ ಗಿರಾಕಿಗಳೂ ಹೇಳುತ್ತಾರೆ. ಸುಳ್ಳು ಹೇಳುವುದಿಲ್ಲ ಅವರು.

ಶಾಲೆಯನ್ನು ಬೇಗ ಬಿಟ್ಟವನು ನಾನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಎರಡರ ನಡುವೆ ಗದ್ದೆಯ ಕೆಲಸ. ಅಪ್ಪನಿಗೆ ಎತ್ತು ಹಿಡಿಯಲು ಒಂದು ಜೊತೆ ಕೈ ಬೇಕಿತ್ತು, ನನಗೂ ಬೆಂಚಿಗಿಂತ ಕೆಸರೇ ಹಿತವಾಗಿತ್ತು. ಕನ್ನಡ ಅಕ್ಷರ ಕಲಿತದ್ದು ಆಮೇಲೆ, ಗಡಿಯಾಚೆಯ ಬಸ್ಸುಗಳ ಬೋರ್ಡು ಓದುತ್ತ, ಅಲ್ಲಿನ ಕೋಟೆ ಊರಿನ ಕಡೆಯಿಂದ ಸಾಮಾನು ಕಟ್ಟಿ ಬರುತ್ತಿದ್ದ ಹಳೆಯ ಪತ್ರಿಕೆ ಬಿಡಿಸಿ ಓದುತ್ತ. ಮರ ಓದುವುದನ್ನು ಮಾತ್ರ ಯಾರೂ ಕಲಿಸಬೇಕಾಗಿ ಬರಲಿಲ್ಲ.

ಈ ಕಸುಬಿಗೆ ಇಳಿದ ಹೊಸತರಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಈ ಸೀಮೆಯ ದೊಡ್ಡ ಮನೆಗಳ ಮುಂಬಾಗಿಲಿಗೆ ಎರಡೆರಡು ಅಗುಳಿ. ಒಂದು ಮನೆಯಷ್ಟೇ ಹಳೆಯದು, ಕೈ ತಾಗಿ ತಾಗಿ ಕಪ್ಪಗೆ ನಯವಾಗಿರುತ್ತದೆ. ಇನ್ನೊಂದು ಅದರ ಮೇಲುಗಡೆ, ಬೇರೆ ಜಾತಿಯ ಮರದ್ದು, ಒರಟು, ಅದರ ತೂತು ಅವಸರದಲ್ಲಿ ಕೊರೆದದ್ದು. ಒಂದು ಮನೆಯಲ್ಲಿ ಕಂಡಾಗ ಸುಮ್ಮನಾದೆ. ಮತ್ತೊಂದರಲ್ಲಿ, ಮಗದೊಂದರಲ್ಲಿ ಕಂಡಾಗ ತಿಳಿಯಿತು. ನಾನು ಚಿಕ್ಕವನಿದ್ದಾಗ ತಿರುನೆಲ್ಲಿ ಕಡೆಯ ಜಮೀನ್ದಾರರ ಮನೆಗಳಿಗೆ ನಕ್ಸಲರು ನುಗ್ಗಿದ ವರ್ಷ ಹಾಕಿಸಿದ ಅಗುಳಿಗಳು ಅವು. ಕೂಲಿಯ ಭತ್ತ ಅಳೆಯುವಾಗಿನ ಮೋಸ, ಕಾಡು ಕಡಿದು ಗದ್ದೆ ಮಾಡಿದವನಿಗೆ ಹೆಣ ಹೂಳುವಷ್ಟೂ ನೆಲವಿಲ್ಲ ಅನ್ನುವ ಸಿಟ್ಟು, ಅದರ ಬೆನ್ನಿಗೆ ಬಂದೂಕು, ಬಂದೂಕಿನ ಬೆನ್ನಿಗೆ ಪೊಲೀಸರ ಕ್ಯಾಂಪು. ಅದನ್ನೆಲ್ಲ ಓದು ಬಲ್ಲವರು ಬರೆದಿದ್ದಾರೆ. ನನ್ನ ಕೈಗೆ ಸಿಕ್ಕಿದ್ದು ಅಗುಳಿ.

ಅದನ್ನು ಮಾರಲು ಮನಸ್ಸಾಗದೆ ಶೆಡ್ಡಿನ ಹಿಂದಿನ ಗೋಡೆಗೆ ಒರಗಿಸಿಟ್ಟೆ. ಹಾಗೆ ಶುರುವಾಯಿತು. ಗುಂಡು ಹೊಕ್ಕು ಅಲ್ಲೇ ಉಳಿದ ಕಂಬದ ತುಂಡು ಬಂತು. ಗಾಳಿಕಿಂಡಿಗೆ ಅಡ್ಡ ಬಡಿದ ಎಣ್ಣೆಡಬ್ಬದ ತಗಡು, ಕ್ಯಾಂಪಿನವರು ಬಿಟ್ಟುಹೋದ ನೆಗ್ಗಿದ ತಟ್ಟೆ, ಒಳಗಿನ ಕಾಳು ಉದುರಿಹೋದ ಸೀಟಿ, ಹೊರಗೆ ಬೆಳಕು ಕಾಣದ ಹಾಗೆ ಕಪ್ಪು ಬಟ್ಟೆ ಸುತ್ತಿದ ಕಂದೀಲು ಬಂದವು. ನನಗೆ ಈ ಹುಚ್ಚಿದೆ ಅಂತ ತಿಳಿದ ಮೇಲೆ ಜನರೇ ತಂದುಕೊಡತೊಡಗಿದರು. "ಊರೋರೆಲ್ಲ ಮರೀಬೇಕು ಅಂತ ಒದ್ದಾಡ್ತಿದ್ರೆ, ಇವ್ರು ಅದನ್ನೇ ಮೊಳೆ ಹೊಡ್ದು ನೇತಾಕ್ತಾರೆ" ಅಂತ ನನ್ನ ಹೆಂಡತಿ ಬಂದವರ ಎದುರೇ ಹೇಳುತ್ತಿದ್ದಳು. ಬಂದವರು ನಗುತ್ತಿದ್ದರು, ಆಮೇಲೆ ಆ ಕಂಬದ ತೂತಿಗೆ ಬೆರಳು ಹಾಕಿ ನೋಡದೆ ಹೋಗುತ್ತಿರಲಿಲ್ಲ.

ನಾನು ಹೇಳಹೊರಟಿರುವುದು ತಿರುನೆಲ್ಲಿ ದಾರಿಯ ಒಂದು ದೊಡ್ಡ ಮನೆಯ ವಿಷಯ. ಅದು ನನಗೆ ಸಿಕ್ಕಿದ್ದು ಸೀಮೆ ಎರಡನೆಯ ಸಲ ಬಿಸಿಯಾಗಿದ್ದ ಕಾಲದಲ್ಲಿ. ನಕ್ಸಲರ ಕಾಲ ಮುಗಿದು ಒಂದು ತಲೆಮಾರು ಕಳೆದಿತ್ತು. ಈಗ ಹಾಡಿಗಳ ಜನ, ಕಾಡಂಚಿನ ಆದಿವಾಸಿ ಕೇರಿಗಳವರು, ತಾವೇ ನೆಲ ಕೊಡಿ ಅಂತ ಕಾಡಿನೊಳಗೆ ಗುಡಿಸಲು ಹಾಕಿ ಕೂತಿದ್ದರು. ಕಲ್ಲೂರಿನ ಹೆದ್ದಾರಿಯಿಂದ ಹಿಡಿದು ನಮ್ಮ ರಸ್ತೆಯವರೆಗೂ ಪೊಲೀಸ್ ಜೀಪುಗಳು ಓಡಾಡುತ್ತಿದ್ದವು. ಹಾಡಿಯವರು ನಾಲ್ಕು ಜನ ಒಟ್ಟಿಗೆ ನಡೆದರೆ ಪೊಲೀಸರು ನಿಲ್ಲಿಸಿ ಕೇಳುತ್ತಿದ್ದರು.

ಆ ಮನೆಯ ಹಳೆಯ ಧಣಿ ತೀರಿಹೋಗಿದ್ದ. ಮಗ ಕಲ್ಲಿಕೋಟೆಯಲ್ಲಿದ್ದ. ಮರ, ಹೆಂಚು ನನಗೆ, ನೆಲ ಅವನಿಗೆ ಅಂತ ಮಾತಾಯಿತು. ಮನೆಯ ಪಕ್ಕದಲ್ಲಿ ಪತ್ತಾಯ. ಭತ್ತದ ಕಣಜವನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಈ ಪತ್ತಾಯವೇ ಒಂದು ಮನೆಯಷ್ಟಿತ್ತು. ಕಲ್ಲುಕಂಬಗಳ ಮೇಲೆ ಹಲಸಿನ ಹಲಗೆ ಹಾಸಿ, ಅಡಿಯಲ್ಲಿ ಗಾಳಿಯಾಡಲು ಮೊಣಕಾಲೆತ್ತರದ ಜಾಗ ಬಿಟ್ಟಿದ್ದರು. ನಕ್ಸಲರ ಕಾಲದಲ್ಲಿ ಪೊಲೀಸ್ ಕ್ಯಾಂಪು ನಿಂತದ್ದು ಇದರೊಳಗೆ. ಮೆಟ್ಟಿಲ ಕಲ್ಲಿನ ಒಂದು ಅಂಚು ಕತ್ತಿ ಮಸೆದು ಮಸೆದು ದೋಣಿಯ ಹಾಗೆ ಸವೆದಿತ್ತು. ಕ್ಯಾಂಪಿನ ಅಡುಗೆಯವರು ಸೌದೆ ಸೀಳಲು ಅಲ್ಲೇ ಕತ್ತಿ ಮಸೆಯುತ್ತಿದ್ದರು ಅಂತ ಪಕ್ಕದ ಗದ್ದೆಯ ಮುದುಕ ಹೇಳಿದ.

ನೆಲದ ಹಲಗೆಗಳನ್ನು ಎಬ್ಬಿಸಿದಾಗ ಅವು ಕಂಡವು. ಅಡಿಯ ಜಾಗದಲ್ಲಿ, ಗೋಡೆಯ ಮೂಲೆಗೆ, ಗೋಣಿಚೀಲಗಳು ಕೊಳೆತು ಮಣ್ಣಾಗಿದ್ದವು. ಅದರೊಳಗಿದ್ದ ಕತ್ತಿಗಳು ಮಾತ್ರ ತುಕ್ಕು ಹಿಡಿದು ಒಂದಕ್ಕೊಂದು ಅಂಟಿ ರಾಶಿಯಾಗಿ ಉಳಿದಿದ್ದವು. ಬಿದಿರು ಕಡಿಯುವ ಕತ್ತಿ, ಪೊದೆ ಸವರುವ ಕತ್ತಿ, ಕುಡುಗೋಲು. ನನಗೆ ಆ ಕ್ಷಣವೇ ತಿಳಿಯಿತು. ಆ ವರ್ಷ ಪೊಲೀಸರು ಹಾಡಿ ಹಾಡಿ ಸುತ್ತಿ, ಕತ್ತಿ ಇಟ್ಟುಕೊಂಡವನೆಲ್ಲ ನಕ್ಸಲರಿಗೆ ಸೇರಿದವನು ಅಂತ ಮನೆಮನೆಯಿಂದ ಕತ್ತಿ ಎತ್ತಿಕೊಂಡು ಹೋಗಿದ್ದರು. ಕತ್ತಿ ಇಲ್ಲದ ಗಂಡಸು ಹಾಡಿಯಲ್ಲಿ ಎಲ್ಲಿರುತ್ತಾನೆ? ಆ ಮಳೆಗಾಲ ಅವರು ಸೌದೆ ಕೈಯಲ್ಲಿ ಮುರಿದು, ಗೆಣಸು ಕೋಲಿನಲ್ಲಿ ಅಗೆದು ತಿಂದರು ಅಂತ ಅಪ್ಪ ಹೇಳುತ್ತಿದ್ದ.

ಧಣಿಯ ಮಗನಿಗೆ ಫೋನು ಮಾಡಿದೆ. ಗುಜರಿಗೆ ಹಾಕು, ನನ್ನ ಹತ್ತಿರ ಹೇಳಬೇಡ ಅಂದ. ಲಾರಿಯಲ್ಲಿ ಹೆಂಚಿನ ಸಂದಿಗೆ ತುಂಬಿಕೊಂಡು ಬರುವಾಗ ದಾರಿಯಲ್ಲಿ ಪೊಲೀಸರು ತಡೆದರು. ಇಷ್ಟೊಂದು ಕತ್ತಿ ಯಾಕೆ, ಕಾಡಿನೊಳಗೆ ಕೂತವರಿಗಾ ಅಂತ ಒಬ್ಬ ಕೇಳಿದ. ಇನ್ನೊಬ್ಬ, ವಯಸ್ಸಾದವನು, ಒಂದನ್ನು ಎತ್ತಿ ಬೆರಳಲ್ಲಿ ಒತ್ತಿದ. ತುಕ್ಕು ಪುಡಿಯಾಗಿ ಉದುರಿತು. ಇದರಲ್ಲಿ ಬಾಳೆಹಣ್ಣೂ ಕೊಯ್ಯಲಾಗುವುದಿಲ್ಲ, ಬಿಡು ಅಂದ. ಆ ಕತ್ತಿಗಳನ್ನು ಮೊದಲ ಸಲ ಹಿಡಿದು ತಂದವರೂ ಅವನ ಇಲಾಖೆಯವರೇ ಅಂತ ನಾನು ಹೇಳಲು ಹೋಗಲಿಲ್ಲ.

ಮನೆಗೆ ತಂದು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒಂದೊಂದನ್ನೇ ಬಿಡಿಸಿ, ತೆಂಗಿನ ನಾರಲ್ಲಿ ಉಜ್ಜಿದೆ. ಒಂದಕ್ಕೂ ಹಿಡಿ ಇರಲಿಲ್ಲ. ಗೆದ್ದಲು ತಿಂದಿತ್ತು. ಹಿಡಿಯೊಳಗೆ ಇಳಿಯುವ ಕಬ್ಬಿಣದ ಬಾಲ ಮಾತ್ರ ಬರಿಗಾಲಿನ ಹಾಗೆ ಚಾಚಿಕೊಂಡಿತ್ತು. ಶೆಡ್ಡಿನ ಹಿಂಗೋಡೆಗೆ ಸಾಲಾಗಿ ತೂಗುಹಾಕಿದೆ. ನೋಡಿದರೆ ಚೆನ್ನಾಗಿತ್ತು. ಇಂಥದ್ದು ಯಾರ ಹತ್ತಿರವೂ ಇಲ್ಲ ಅಂತ ಒಳಗೊಳಗೇ ಬೀಗಿದೆ.

ಕಾಡಂಚಿನ ಹಾಡಿಯ ಒಬ್ಬ ಮುದುಕ ನನ್ನಲ್ಲಿ ಹೆಂಚು ಜೋಡಿಸುವ ಕೆಲಸಕ್ಕೆ ಬರುತ್ತಿದ್ದ. ಮಾತಿನ ಮಲ್ಲ. ಅಂದು ಗೋಡೆಯ ಮುಂದೆ ನಿಂತವನು ಮಾತಾಡಲಿಲ್ಲ. ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ಕೈಯಲ್ಲಿ ಹಿಡಿದ, ಕೂಲಿಯ ಮಾತೂ ಎತ್ತದೆ ಹೊರಟುಹೋದ. ಮರುದಿನ ಹಾಡಿಯಿಂದ ಜನ ಬಂದರು. ಗಂಡಸರು, ಹೆಂಗಸರು, ಮುಂದೆ ಅವರ ಯಜಮಾನ. ಯಾರೂ ಶೆಡ್ಡಿನ ಒಳಗೆ ಕಾಲಿಡಲಿಲ್ಲ. ರಸ್ತೆಯ ಬದಿಯಲ್ಲೇ ನಿಂತು ಗೋಡೆ ನೋಡಿದರು. ಇಬ್ಬರು ಹೆಂಗಸರು ಸದ್ದಿಲ್ಲದೆ ಅಳುತ್ತಿದ್ದರು. ನಾನೇನೋ ನನ್ನ ಸಂಗ್ರಹ ನೋಡಲು ಬಂದರು ಅಂದುಕೊಂಡು ಚಹಾ ಮಾಡಲು ಹೇಳಿದೆ.

ಯಜಮಾನ ನನ್ನನ್ನು ಪಕ್ಕಕ್ಕೆ ಕರೆದು ಹಿಡಿಗಳನ್ನು ತೆಗೆದವರು ಯಾರು ಅಂತ ಕೇಳಿದ. ಆಗ ತಿಳಿಯಿತು. ಅವರ ಹಾಡಿಯಲ್ಲಿ ಗಂಡಸು ಸತ್ತರೆ ಅವನ ಕತ್ತಿಯಿಂದ ಹಿಡಿಯನ್ನು ಕೀಳುತ್ತಾರೆ. ಹಿಡಿ ಅವನೇ ಕೆತ್ತಿಕೊಂಡದ್ದು, ಅವನ ಅಂಗೈಯ ಬೆವರು ಕುಡಿದದ್ದು, ಅದು ಅವನೊಂದಿಗೆ ಗುಂಡಿಗೆ ಹೋಗುತ್ತದೆ. ಕಬ್ಬಿಣ ಮನೆಗೆ ಉಳಿಯುತ್ತದೆ, ಮಗನೋ ಅಳಿಯನೋ ಹೊಸ ಹಿಡಿ ಹಾಕಿಕೊಳ್ಳುತ್ತಾನೆ. ಹಾಗಾಗಿ ಹಿಡಿಯಿಲ್ಲದ ಕತ್ತಿ ಅಂದರೆ ಅವರ ಕಣ್ಣಿಗೆ ಸತ್ತವನ ಕತ್ತಿ. ನನ್ನ ಗೋಡೆಯ ಮೇಲೆ ಅವರು ಕಂಡದ್ದು ಒಂದು ಸಾಲು ಹೆಣ.

ಗೆದ್ದಲು ಅಂದೆ. ಅವರು ನಂಬಲಿಲ್ಲ. ಒಂದು ಕತ್ತಿ ಇಳಿಸಿ ಅದರ ಬಾಲಕ್ಕೆ ಹತ್ತಿದ್ದ ಗೆದ್ದಲ ಮಣ್ಣನ್ನು ತೋರಿಸಿದೆ. ಯಜಮಾನ ಅದನ್ನು ಉಗುರಲ್ಲಿ ಕೆರೆದು ಮೂಸಿ ನೋಡಿದ. ಅಷ್ಟರಲ್ಲಿ ಹಿಂದಿನಿಂದ ನನ್ನ ಕೆಲಸದ ಮುದುಕ ಮುಂದೆ ಬಂದು, ಮೂಲೆಯಲ್ಲಿದ್ದ ಬಾಗಿದ ಮೂಗಿನ ಕತ್ತಿಯನ್ನು ತೋರಿಸಿ, ಅದು ತನ್ನದೇ ಅಂದ.

"ನೆನ್ನೆ ನೋಡ್ದಾಗ ಎದೆ ಒಡ್ದೋಯ್ತು. ನಾ ಸತ್ತಿದ್ದು ನಂಗೇ ಯಾರೂ ಹೇಳ್ನಿಲ್ವಲ್ಲಾ ಅಂತ."

"ಹೇಳಿದ್ರೆ ಊಟಕ್ಕೆ ಬತ್ತಿದ್ದೆ ನೀನು" ಅಂತ ಒಬ್ಬ ಹೆಂಗಸು ಅಂದಳು. ಆಮೇಲೆ ನಗು ಬಂತು. ಅಳುತ್ತಿದ್ದವರೂ ನಕ್ಕರು. ಒಬ್ಬೊಬ್ಬರೇ ಒಳಗೆ ಬಂದು ಅವರವರ ಮನೆಯ ಕತ್ತಿ ಗುರುತಿಸತೊಡಗಿದರು. ಬದುಕಿದ್ದವರದು ಹೆಚ್ಚು, ವಯಸ್ಸಾಗಿ ಸತ್ತವರದು ಕೆಲವು. ಚಹಾ ತಣ್ಣಗಾಯಿತು, ಕುಡಿದರು.

ಇದಾದ ಮೇಲೆ ಬಂದದ್ದು ಒಬ್ಬ ಅಕ್ಕ. ನನಗಿಂತ ವಯಸ್ಸಿನಲ್ಲಿ ಸಾಕಷ್ಟು ದೊಡ್ಡವಳು, ಅದೇ ಹಾಡಿಯವಳು. ರಸ್ತೆಯ ತಿರುವಿನಲ್ಲಿ ಕೂತು ಬಿದಿರ ಬುಟ್ಟಿ, ಮೊರ ಹೆಣೆದು ಮಾರುತ್ತಿದ್ದಳು. ಅವಳ ಬೆನ್ನ ಹಿಂದೆ ಎಲ್ಲರೂ ಓಡಿದವನ ಹೆಂಡತಿ ಅನ್ನುತ್ತಿದ್ದರು, ಕೆಲವರು ಮುಖದೆದುರೂ. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಕ್ಯಾಂಪು ಇದ್ದ ಆ ವರ್ಷ ಅವಳ ಗಂಡ ಒಂದು ಬೆಳಗ್ಗೆ ಬಿದಿರು ಕಡಿಯಲು ಹೋದ, ತಿರುಗಿ ಬರಲಿಲ್ಲ. ಆಗ ಅವಳ ಮಡಿಲಲ್ಲಿ ಮಗಳಿದ್ದಳು. ಕ್ಯಾಂಪಿಗೆ ಹೋಗಿ ಕೇಳಿದವರಿಗೆ, ಅಂಥವನು ಇಲ್ಲಿಗೆ ಬಂದೇ ಇಲ್ಲ, ಕಾಡಿನೊಳಗಿನ ನಕ್ಸಲರ ಜೊತೆ ಸೇರಿ ಗಡಿ ದಾಟಿರಬೇಕು ಅಂತ ಉತ್ತರ ಸಿಕ್ಕಿತು. ಆಮೇಲೆ ಯಾರೋ ಅವನನ್ನು ಕೊಡಗಿನ ಕಾಫಿ ತೋಟದಲ್ಲಿ ಇನ್ನೊಬ್ಬಳ ಜೊತೆ ಕಂಡೆವು ಅಂದರು. ಹಾಡಿ ಅದನ್ನೇ ನಂಬಿತು. ಇನ್ನೊಬ್ಬನನ್ನು ಮಾಡಿಕೋ ಅಂದರು, ಅವಳು ಒಪ್ಪಲಿಲ್ಲ. ಮಗಳ ಮದುವೆಯಲ್ಲಿ ಅಪ್ಪನ ಜಾಗ ಖಾಲಿ ಉಳಿಯಿತು. ಸತ್ತಿದ್ದರೆ ಅವನ ತಮ್ಮ ನಿಲ್ಲಬಹುದಿತ್ತು, ಬದುಕಿರುವವನ ಜಾಗದಲ್ಲಿ ನಿಲ್ಲುವ ಹಾಗಿರಲಿಲ್ಲ.

ಅವಳು ಬುಟ್ಟಿಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದಳು.

"ತಮ್ಮಾ, ಆ ಪತ್ತಾಯದಲ್ಲಿ ಸಿಕ್ಕಿದ್ದು ಎಲ್ಲ ಇಲ್ಲೇ ಐತಾ?"

"ಎಲ್ಲ ಇಲ್ಲೇ ಐತಕ್ಕ. ಒಂದೂ ಆಚೆ ಹೋಗ್ಲಿಲ್ಲ. ತಮ್ತಮ್ದು ಗುರುತಿಟ್ಟವ್ರೆ, ಯಾರೂ ಇನ್ನೂ ಒಯ್ದಿಲ್ಲ."

"ಅವ್ನು ಕತ್ತಿ ತಗೊಂಡೇ ಹೋಗಿದ್ದು. ಇದ್ರಲ್ಲಿ ಇದ್ರೆ, ಅವ್ನ ಹಿಡ್ದವ್ರೆ. ಇಲ್ದಿದ್ರೆ ಜನ ಅಂದಿದ್ದೇ ನಿಜ."

ಅಷ್ಟೇ ಅವಳು ಹೇಳಿದ್ದು. ಯಾವುದು ಸಿಗಲಿ ಅಂತ ಆಸೆಪಡಬೇಕು ಅಂತಲೇ ನನಗೆ ಗೊತ್ತಾಗಲಿಲ್ಲ.

ನಾನು ಕತ್ತಿಗಳನ್ನು ಗೋಡೆಯಿಂದ ಇಳಿಸಿ ಒಂದು ಬಾಗಿಲಿನ ಹಲಗೆಯ ಮೇಲೆ ಹರಡಿದೆ. ಅವಳು ಆಕಾರ ನೋಡಲಿಲ್ಲ. ಒಂದೊಂದನ್ನೇ ಎತ್ತಿ, ಅಲಗಿನ ಎರಡೂ ಮಗ್ಗುಲಿಗೆ ಹೆಬ್ಬೆರಳು ಆಡಿಸಿ, ಪಕ್ಕಕ್ಕಿಡುತ್ತ ಹೋದಳು. ಬಿದಿರು ಸೀಳುವ ಕತ್ತಿಗೆ ಒಂದು ಮಗ್ಗುಲು ಮಟ್ಟಸವಾಗಿರುತ್ತದೆ, ಇನ್ನೊಂದಕ್ಕೆ ಮಾತ್ರ ಸಾಣೆ. ಯಾವ ಮಗ್ಗುಲು ಅನ್ನುವುದು ಹಿಡಿಯುವ ಕೈಗೆ ತಕ್ಕ ಹಾಗೆ ಇರುತ್ತದೆ. ಅವಳ ಗಂಡ ಎಡಚ. ಕಮ್ಮಾರನಿಗೆ ಹೇಳಿ ಸಾಣೆಯನ್ನು ಎಡಗೈಗೆ ಹೊಂದುವ ಹಾಗೆ ತಿರುಗಿಸಿ ಹೊಡೆಸಿಕೊಂಡಿದ್ದ. ಹಾಡಿಯಲ್ಲಿ ಬೇರೆ ಯಾರೂ ಆ ಕತ್ತಿ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಬಿದಿರು ಅಡ್ಡಾದಿಡ್ಡಿ ಸೀಳುತ್ತಿತ್ತು.

ಕೊನೆಯ ಕತ್ತಿಯನ್ನೂ ಅವಳು ಪಕ್ಕಕ್ಕಿಟ್ಟಳು. ಎಲ್ಲವೂ ಬಲಗೈಯವು. ಹಲಗೆಯ ಅಂಚಿಗೆ ಕೂತು ಸೆರಗಲ್ಲಿ ಕೈಯ ತುಕ್ಕು ಒರೆಸಿಕೊಂಡಳು.

"ಹಂಗಾರೆ ಓಡೇ ಹೋದ."

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ದಿನವಿಡೀ ಹೊರೆ ಹೊತ್ತವರು ಇಳಿಸುವ ಜಾಗ ಬಂತು ಅಂದುಕೊಂಡು, ಇನ್ನೂ ಮುಂದಿದೆ ಅಂತ ಕೇಳಿದಾಗಿನ ಹಾಗಿತ್ತು. ನಾನು ಕತ್ತಿಗಳನ್ನು ಒಂದೊಂದಾಗಿ ಮತ್ತೆ ಗೋಡೆಗೆ ಸಿಕ್ಕಿಸತೊಡಗಿದೆ. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ. ಹಾಗೆ ಸಿಕ್ಕಿಸುವಾಗ ಒಂದು ಕತ್ತಿ ಅಂಗೈಯಲ್ಲಿ ಸರಿಯಾಗಿ ಕೂರಲಿಲ್ಲ. ಬೆಳಕಿಗೆ ಹಿಡಿದೆ. ಉಳಿದವುಗಳಿಗೆ ಒಂದು ಮಗ್ಗುಲು ಮಟ್ಟಸವಾಗಿದ್ದರೆ ಇದಕ್ಕೆ ಎರಡೂ ಕಡೆ ಇಳಿಜಾರು. ಬಲಗೈಯ ಸಾಣೆ ಹೊಸದು, ಒರಟು, ಕಲ್ಲಿನ ಮೇಲೆ ಉಜ್ಜಿದ್ದು. ಇನ್ನೊಂದು ಕಡೆಯದು ಹಳೆಯದು, ಕಮ್ಮಾರನ ಕೈಯದು, ಅಂಚಿನಲ್ಲಿ ಅದನ್ನು ಹೊಸ ಸಾಣೆ ತಿಂದುಹಾಕಿತ್ತು, ಅದಕ್ಕೇ ಅವಳ ಹೆಬ್ಬೆರಳಿಗೆ ಸಿಕ್ಕಿರಲಿಲ್ಲ. ಆ ಪತ್ತಾಯದ ಮೆಟ್ಟಿಲಲ್ಲಿ ದೋಣಿಯಾಗಿ ಸವೆದ ಕಲ್ಲು ನನ್ನ ಕಣ್ಣ ಮುಂದೆ ಬಂತು.

"ಅಕ್ಕ, ಇದನ್ನ ಇನ್ನೊಂದ್ಸಲ ನೋಡು. ಯಾರೋ ಬಲಗೈಯವ್ರು ಆಮೇಲೆ ಮಸೆದವ್ರೆ."

ಅವಳು ತಕ್ಷಣ ಕೈ ಚಾಚಲಿಲ್ಲ. ಆಮೇಲೆ ತೆಗೆದುಕೊಂಡು, ಅಲಗಿನ ಬುಡದಲ್ಲಿ, ಹಿಡಿ ಶುರುವಾಗುವ ಕಡೆ, ತುಕ್ಕಿನೊಳಗೆ ಉಗುರಲ್ಲಿ ಕೆರೆದಳು. ಅಲ್ಲಿ ಅರದಿಂದ ಉಜ್ಜಿ ಮಾಡಿದ ಸಣ್ಣ ಕಚ್ಚು ಇತ್ತು. ನಾನು ಅದನ್ನು ಪೆಟ್ಟು ಬಿದ್ದ ಗಾಯ ಅಂದುಕೊಂಡಿದ್ದೆ. ಅವಳು ಎದ್ದು ಹೋಗಿ ತನ್ನ ಬುಟ್ಟಿಯಿಂದ ಒಂದು ಬಿದಿರ ಎಳೆ ತಂದು ಆ ಕಚ್ಚಿನೊಳಗೆ ಇಟ್ಟು ಎಳೆದಳು. ಎಳೆ ಎರಡೂ ಬದಿ ಸವರಿಕೊಂಡು, ಒಂದೇ ಅಗಲಕ್ಕೆ ಬಂದು, ನೆಟ್ಟಗೆ ಹೊರಬಂತು. ಅವನು ಬುಟ್ಟಿಯ ಎಳೆ ಹದಮಾಡಲು ಮಾಡಿಕೊಂಡಿದ್ದ ಕಚ್ಚು ಅದು. ಅವಳು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಇನ್ನೂ ಒಂದನ್ನು ಎಳೆದಳು. ನನಗೆ ನೋಡಲಾಗಲಿಲ್ಲ, ಹೊರಗೆ ಬಂದು ನಿಂತೆ. ಮಾನಂದವಾಡಿಯ ಬಸ್ಸು ಬಂತು, ಹೋಯಿತು.

ಒಳಗೆ ಬಂದಾಗ ಅವಳು ಅಂದಳು, "ಅವ್ನ ಕತ್ತೀಲೇ ಅವ್ರ ಅನ್ನಕ್ಕೆ ಸೌದೆ ಸೀಳವ್ರೆ." ಎಳೆಗಳನ್ನು ಸುತ್ತಿ ಮಡಿಲಿಗೆ ಹಾಕಿಕೊಂಡು, "ಓಡ್ನಿಲ್ಲ."

ಸಂಜೆಯೊಳಗೆ ಯಜಮಾನ ಮತ್ತು ಹಾಡಿಯ ಹಿರಿಯರು ಬಂದರು. ಕತ್ತಿ ಅವನದೇ ಅನ್ನುವುದರಲ್ಲಿ ಯಾರೂ ತಕರಾರು ಮಾಡಲಿಲ್ಲ. ಕಚ್ಚು ನೋಡಿದವರಿಗೆಲ್ಲ ನೆನಪಿತ್ತು. ತೊಡಕು ಬಂದದ್ದು ಸಾವಿನ ಕಾರ್ಯ ಮಾಡುವುದರಲ್ಲಿ. ಹೆಣ ಸಿಗದವನಿಗೆ ಹಿಡಿಯನ್ನಾದರೂ ಹೂಳಬೇಕು. ಹಿಡಿಯೂ ಇಲ್ಲ. ಹೊಸದು ಕೆತ್ತಿ ಹೂಳೋಣ ಅಂತ ಒಬ್ಬ ಹಿರಿಯ ಅಂದ. ಅವನು ಹಿಡಿಯದ ಹಿಡಿಯನ್ನು ಹೂತರೆ ಅದು ಕಟ್ಟಿಗೆ ಹೂತ ಹಾಗೆ ಅಂತ ಯಜಮಾನ ತಲೆಯಾಡಿಸಿದ. ಗೆದ್ದಲು ತಿಂದ ಮಣ್ಣು ತರಲೇ ಅಂತ ನಾನು ಕೇಳಿದೆ. ಎಲ್ಲರ ಹಿಡಿಯ ಮಣ್ಣೂ ಒಂದಾಗಿದೆ, ಬದುಕಿರುವವರದನ್ನೂ ಹೂಳುತ್ತೀಯಾ ಅಂತ ನನ್ನ ಕೆಲಸದ ಮುದುಕ ಗದರಿಸಿದ. ಮಾತು ಅಲ್ಲೇ ನಿಂತಿತು. ಇಷ್ಟು ವರ್ಷ ಗಂಡನಿಲ್ಲದೆಯೂ ವಿಧವೆಯಾಗದೆ ಉಳಿದವಳು, ಗಂಡ ಸತ್ತ ಅಂತ ತಿಳಿದ ದಿನವೂ ಹಾಗೇ ಉಳಿಯುವ ಹಾಗೆ ಕಂಡಿತು.

ಅವಳು ಅವರ ಮಾತಿಗೆ ಕಿವಿಗೊಡದೆ ಕತ್ತಿಯ ಬಾಲವನ್ನು ತಿರುಗಿಸಿ ನೋಡುತ್ತಿದ್ದಳು. ಅಲ್ಲಿ ತುಕ್ಕಿಗಿಂತ ಕಪ್ಪಾದದ್ದು ಏನೋ ಹೆಪ್ಪುಗಟ್ಟಿ ಅಂಟಿತ್ತು. ಗೆದ್ದಲೂ ಬಿಟ್ಟಿತ್ತು, ನನ್ನ ಸೀಮೆಎಣ್ಣೆಗೂ ಕರಗಿರಲಿಲ್ಲ.

"ಇದು ಅರಗು" ಅಂದಳು. "ಮಳೆ ಹಿಡಿಯೋ ಮುಂಚೆ ಹಿಡಿ ಅಳ್ಳಾಡ್ತದೆ ಅಂದ. ನಾನೇ ಅರಗು ಕಾಯ್ಸಿ ತೂತಿಗೆ ಹುಯ್ದೆ, ಅವ್ನು ಬಾಲ ಕಾಯ್ಸಿ ಇಳ್ಸಿದ. ಹಿಡಿ ಒಳಗೇ ಇದ್ದದ್ದು ಇದು. ಇದು ಹಿಡಿ ಅಲ್ವಾ?"

ಯಜಮಾನ ಕತ್ತಿ ತೆಗೆದುಕೊಂಡು ಅರಗನ್ನು ನೋಡಿದ. ಅದರಲ್ಲಿ ಮರದ ಎಳೆಗಳ ಅಚ್ಚು ಮೂಡಿ ಹಾಗೇ ನಿಂತಿತ್ತು. ಮರ ಹೋಗಿತ್ತು, ಅದರ ಗೆರೆ ಉಳಿದಿತ್ತು. ಅವನು ಆ ಗೆರೆಗಳ ಮೇಲೆ ಉಗುರು ಆಡಿಸಿದ. ಕೊನೆಗೆ ಹಿಡಿಯೇ ಅಂದ.

ಆಗ ನನ್ನ ಬಾಯಿಂದ ಮಾತು ಬಂತು. ಅರಗು ತೆಗೆದ ಮೇಲೆ ಕಬ್ಬಿಣ ನನ್ನ ಹತ್ತಿರವೇ ಇರಲಿ, ಈ ಗೋಡೆಯ ಮೇಲೆ ಇದ್ದರೆ ಬಂದವರು ನೋಡುತ್ತಾರೆ, ಅವನಿಗೆ ಆದದ್ದು ನಾಲ್ಕು ಜನಕ್ಕೆ ತಿಳಿಯುತ್ತದೆ ಅಂದೆ. ಮನಸ್ಸಿನಲ್ಲಿ ಇದ್ದದ್ದನ್ನೇ ಹೇಳಿದೆ, ಈಗಲೂ ಅದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಅವಳು ಗೋಡೆ ನೋಡಿದಳು, ನನ್ನನ್ನು ನೋಡಿದಳು.

"ಅವ್ನೇನು ಹುಲಿಯಾ, ಹೊಡ್ದವ್ರು ಗೋಡೆಗೆ ಹಾಕಕ್ಕೆ? ಕಬ್ಬಿಣ ಪಣಿ ಮಾಡ್ಬೇಕು ತಮ್ಮಾ, ಕೆಲ್ಸ ಮಾಡ್ಬೇಕು."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಹಾಡಿಯವರು ಬೇರೆ ಕಡೆ ನೋಡಿದರು. ಅಷ್ಟೆಲ್ಲ ಉಜ್ಜಿ ತೊಳೆದವನು ನಾನು ಅಂತ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು, ಸಣ್ಣ ಉಳಿ ತಂದುಕೊಟ್ಟೆ. ಅವಳು ಕತ್ತಿಯ ಬಾಲ ಹಿಡಿದಳು, ನಾನು ಉಳಿಯಿಂದ ಅರಗನ್ನು ಚೂರೂ ಬೀಳದ ಹಾಗೆ ಎಬ್ಬಿಸಿದೆ. ಮರದ ಬಿಗಿ ಬಿಡಿಸುವುದು ನನಗೆ ಗೊತ್ತಿದ್ದ ಕೆಲಸ. ಅವಳು ಚೂರುಗಳನ್ನು ಬಾಳೆಲೆಯಲ್ಲಿ ಕಟ್ಟಿಕೊಂಡಳು.

ಕಾರ್ಯಕ್ಕೆ ನನ್ನನ್ನೂ ಕರೆದರು. ಅವರು ಹೆಣ ಹೂಳುವ ಜಾಗ ಗದ್ದೆ ಮುಗಿದು ಕಾಡು ಶುರುವಾಗುವ ಕಡೆ. ಗುದ್ದಲಿ ಕತ್ತಿ ಹಿಡಿದ ಗುಂಪು ರಸ್ತೆ ದಾಟುವಾಗ ಪೊಲೀಸ್ ಜೀಪು ಬಂದು ನಿಂತಿತು. ಎಲ್ಲಿಗೆ, ಗುಡಿಸಲು ಹಾಕಲಾ 'ಸಮರ'ಕ್ಕಾ ಅಂತ ಕೇಳಿದರು. ಚಳವಳಿಗೆ ಮಲಯಾಳದಲ್ಲಿ ಹಾಗೇ ಅನ್ನುವುದು. ಒಂದು ಸಾವು ಅಂತ ಯಜಮಾನ ಹೇಳಿದ. ಹೆಣ ಎಲ್ಲಿ ಅಂತ ಕೇಳಿದರು. ಯಜಮಾನ ಬಾಳೆಲೆಯ ಪೊಟ್ಟಣ ತೋರಿಸಿದ. ಜೀಪಿನೊಳಗಿದ್ದವನು ಹುಡುಗ, ಆ ವರ್ಷ ಇನ್ನೂ ಹುಟ್ಟಿರದವನು. ಅವನಿಗೆ ಏನೂ ಅರ್ಥವಾಗಲಿಲ್ಲ. ಯಾವತ್ತು ಸತ್ತದ್ದು ಅಂತ ಕೇಳಿದ.

"ನಮಗೆ ತಿಳಿದದ್ದು ಈ ವಾರ" ಅಂದ ಯಜಮಾನ.

ಜೀಪು ಹೋಯಿತು.

ಗುಂಡಿಯ ಹತ್ತಿರ ಯಜಮಾನ ಸತ್ತವನ ದಾರಿ ಹೇಳಬೇಕು. ಅವನು ಎಲ್ಲಿ ಹುಟ್ಟಿದ, ಯಾವ ತೊರೆಯಲ್ಲಿ ಮೀನು ಹಿಡಿದ, ಯಾರನ್ನು ಕಟ್ಟಿಕೊಂಡ, ಯಾವ ಜಾಗದಲ್ಲಿ ಉಸಿರು ಬಿಟ್ಟ ಅಂತ ಎಲ್ಲರೂ ಕೇಳುವ ಹಾಗೆ ಹೇಳುವುದು. ಹಾಗೆ ಹೇಳದಿದ್ದರೆ ಸತ್ತವನಿಗೆ ತಾನು ಸತ್ತದ್ದು ತಿಳಿಯುವುದಿಲ್ಲವಂತೆ. ಯಜಮಾನ ಹೇಳುತ್ತ ಬಂದ. ಬಿದಿರು ಕಡಿಯಲು ಹೊರಟ ಬೆಳಗಿನವರೆಗೆ ಬಂದ. ಅಲ್ಲಿಂದ ದೊಡ್ಡ ಮನೆಯ ಪತ್ತಾಯಕ್ಕೆ ಬಂದ. ಅಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿ, ಕತ್ತಿ ಎಲ್ಲಿ ಬಿದ್ದಿತ್ತು ಅಂತ ನೀನು ಹೇಳು ಅಂದ.

ಅಷ್ಟು ಜನರ ಮುಂದೆ ನಾನು ಯಾವತ್ತೂ ಮಾತಾಡಿದವನಲ್ಲ. ಹಲಗೆ ಎಬ್ಬಿಸಿದ್ದು, ಅಡಿಯ ಮೂಲೆ, ಕೊಳೆತ ಗೋಣಿ, ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಆಮೇಲೆ ಏನಾಯಿತು ಅಂತ ಗೊತ್ತಿಲ್ಲ ಅಂದೆ. ಯಜಮಾನ ಗುಂಡಿಗೆ ಬಾಗಿ, ಅಲ್ಲಿಂದ ಮುಂದಿನದು ನಮಗೆ ಗೊತ್ತಿಲ್ಲ, ನಿನಗೆ ಗೊತ್ತು, ನೀನು ಓಡಲಿಲ್ಲ ಅನ್ನುವುದು ನಮಗೆ ಗೊತ್ತು ಅಂದ. ಅವಳು ಪೊಟ್ಟಣವನ್ನು ಇಳಿಸಿದಳು. ಆಗ ಅತ್ತಳು. ಹೊಸದಾಗಿ ಗಂಡ ಸತ್ತವಳು ಅಳುವ ಹಾಗೆಯೇ, ನೆಲಕ್ಕೆ ಕೈ ಬಡಿದು. ಮಗಳು ಹಿಡಿದುಕೊಳ್ಳಲು ಹೋದಳು, ಹೆಂಗಸರು ಬೇಡ ಬಿಡು ಅಂದರು.

ಉಳಿದ ಕತ್ತಿಗಳೂ ಒಂದೊಂದಾಗಿ ಅವರವರ ಮನೆಗೆ ಹೋದವು. ನಾನು ಬೇಡ ಅನ್ನಲಿಲ್ಲ. ಗೋಡೆಯ ಆ ಭಾಗದಲ್ಲಿ ಮೊಳೆಗಳಷ್ಟೇ ಉಳಿದವು. ಅದರ ಮೇಲೇನಾದರೂ ತೂಗುಹಾಕು ಅಂತ ಹೆಂಡತಿ ಹೇಳಿದಳು, ನಾನು ಹಾಕಲಿಲ್ಲ.

ಮಳೆ ಕಳೆದ ಮೇಲೆ ಒಂದು ದಿನ ಆ ತಿರುವಿನಲ್ಲಿ ಅವಳು ಬಿದಿರು ಸೀಳುತ್ತ ಕೂತದ್ದು ಕಂಡು ಹತ್ತಿರ ಹೋದೆ. ಕೈಯಲ್ಲಿ ಅದೇ ಕತ್ತಿ, ಹೊಸ ಹಿಡಿ. ಹಿಂದಿನ ಎಡಗೈಯ ಸಾಣೆ ಮತ್ತೆ ಹೊಡೆಸಲಿಲ್ಲವಾ ಅಂತ ಕೇಳಿದೆ.

"ಯಾಕೆ? ನಂದು ಬಲಗೈ" ಅಂದಳು, ಕೆಲಸದಿಂದ ಕಣ್ಣೆತ್ತದೆ. ಬಿದಿರು ನೆಟ್ಟಗೆ ಸೀಳಿಕೊಂಡು ಹೋಗುತ್ತಿತ್ತು.